ಹಳೇ ಲ್ಯಾಪ್‌ಟಾಪ್ ಕೊಳ್ಳುವವರೇ, ‘ಐ7’ ಎಂಬ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ

ಮಕ್ಕಳನ್ನು ಎಂಜಿನಿಯರಿಂಗ್ ಸೇರಿಸಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುತ್ತಿರುವವರು ದಯವಿಟ್ಟು ಓದಿ. ನಮ್ಮ ಅಕ್ಕನ ಮಗಳು ಸಿವಿಲ್ ಓದುತ್ತಿದ್ದಾಳೆ. ಗುಬ್ಬಿ ಕಡೆಯ ತೋಟದ ಮನೆಯವರು. ಕೊಬ್ಬರಿ ಮಾರಿದ ದುಡ್ಡಲ್ಲಿ ಭಾವ ತುಮಕೂರಿನ ಅಂಗಡಿಯೊಂದರಲ್ಲಿ 28,000 ರೂಪಾಯಿ ಎಣಿಸಿಕೊಟ್ಟರು. ನಕ್ಷೆ ಬರೆಯುವ ಆಟೊಕ್ಯಾಡ್, ಕಟ್ಟಡದ 3ಡಿ ಮಾಡೆಲ್ ಮಾಡುವ ರೆವಿಟ್ ಎರಡೂ ಸಾಫ್ಟ್‌ವೇರ್ ಬೇಕು ಅಂತ ಹುಡುಗಿ ಬಿಡಿಸಿ ಹೇಳಿದ್ದಳು. “ಐ7 ಕಣಮ್ಮಾ, ಇದರಲ್ಲಿ ಓಡದೇ ಇರೋ ಸಾಫ್ಟ್‌ವೇರೇ ಇಲ್ಲ” ಅಂದಿದ್ದ ಅಂಗಡಿಯವನು. ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಲ್ಲಿ (ಲ್ಯಾಪ್‌ಟಾಪಿನ ಮೆದುಳು) ಮೇಲ್ದರ್ಜೆಯ ಸರಣಿ, ಐ3 ಕೆಳದರ್ಜೆಯದು.

ಆಟೊಕ್ಯಾಡ್ ಹೇಗೋ ತೆವಳಿತು. ರೆವಿಟ್‌ನಲ್ಲಿ ಎರಡಂತಸ್ತಿನ ಮನೆಯ ಮಾಡೆಲ್ ತೆರೆದರೆ ಸಾಕು, ಪರದೆ ಬೆಳ್ಳಗಾಗಿ ನಿಂತೇಬಿಡುತ್ತಿತ್ತು. ಸಬ್ಮಿಷನ್ ಹತ್ತಿರ ಬಂದಾಗ ಮಾಡಿದ ಕೆಲಸವೆಲ್ಲ ಹೋಗಿ ಫೋನಿನಲ್ಲಿ ಅತ್ತುಬಿಟ್ಟಳು.

ತೆಗೆದು ನೋಡಿದರೆ ಅದು ಐ7-4600ಯು. 2013ರಲ್ಲಿ ಬಂದ ಪ್ರೊಸೆಸರ್, ಒಳಗೆ ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ತೆರೆದ ಕೆಲಸವನ್ನು ಹಿಡಿದಿಟ್ಟುಕೊಳ್ಳುವ ರ‍್ಯಾಮ್ 8 ಜಿಬಿ. ಈಚಿನ ರೆವಿಟ್‌ಗೆ ಕನಿಷ್ಠವೇ 16 ಜಿಬಿ ಬೇಕು! ಐ7 ಅನ್ನೋದಕ್ಕಿಂತ ಅದರ ಮುಂದಿನ ನಂಬರ್ ಮುಖ್ಯ. ಆ ನಂಬರಿನ ಮೊದಲ ಒಂದೋ ಎರಡೋ ಅಂಕಿಯೇ ಜನರೇಷನ್, ಅಂದರೆ ಎಷ್ಟನೇ ತಲೆಮಾರಿನದು ಅಂತ. 4600 ಅಂದರೆ 4ನೇ ಜನರೇಷನ್, 8250 ಅಂದರೆ 8ನೆಯದು, 1215 ಅಂದರೆ 12ನೆಯದು. ಆ 12ನೇ ಜನರೇಷನ್ನಿನ ಐ3-1215ಯುನಲ್ಲಿ ಆರು ಕೋರ್ ಇವೆ. ಹೆಸರಿಗೆ ಅದು ಬರೀ ಐ3.

ಇನ್ನೊಂದು ಮೋಸವೂ ಇತ್ತು. ಅದರಲ್ಲಿ ವಿಂಡೋಸ್ 11 ಹಾಕಿದ್ದರು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ನಿನಿಂದ ಈಚಿನದಾಗಿರಬೇಕು. ಆ ತಪಾಸಣೆ ತಪ್ಪಿಸಿ ತುರುಕಿದ್ದಾರೆ. ಇಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ಕ್ಕೆ ವಾಪಸ್ ಹೋಗೋಣ ಅಂದರೆ ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಅಂಗಡಿಗೆ ಹೋಗುವ ಮುಂಚೆ ಸಾಫ್ಟ್‌ವೇರ್ ಕಂಪನಿಯ ಸೈಟಿನಲ್ಲಿ ‘ಸಿಸ್ಟಮ್ ರಿಕ್ವೈರ್‌ಮೆಂಟ್ಸ್’ ನೋಡಿ. ‘ಮಿನಿಮಮ್’ ಅಂತ ಬರೆದದ್ದು ತೆರೆದುಕೊಳ್ಳುವುದಕ್ಕಷ್ಟೇ. ‘ರೆಕಮಂಡೆಡ್’ ಅಂತ ಇರುವುದನ್ನು ಹಿಡಿಯಿರಿ. ಆಟೊಕ್ಯಾಡ್ 2025ಕ್ಕೆ ಮೊದಲನೆಯದು 8 ಜಿಬಿ ರ‍್ಯಾಮ್, ಎರಡನೆಯದು 32. ವಿದ್ಯಾರ್ಥಿಗೆ ಅಷ್ಟು ಬೇಡ, ಆದರೆ 16ಕ್ಕಿಂತ ಕೆಳಗೆ ಇಳಿಯಬೇಡಿ ಅನ್ನೋದು ನನ್ನ ಮಾತು. ಮುಂದೆ ರ‍್ಯಾಮ್ ಹೆಚ್ಚಿಸಬಹುದಾ ಅಂತಲೂ ಕೇಳಿ, ಕೆಲವು ಮಾಡೆಲ್‌ಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ‘ಟಾಸ್ಕ್ ಮ್ಯಾನೇಜರ್’ ಬರುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ತೆರೆದರೆ ಪ್ರೊಸೆಸರ್ ನಂಬರ್, ರ‍್ಯಾಮ್, ಸ್ಟೋರೇಜ್ ವೇಗದ ಎಸ್‌ಎಸ್‌ಡಿಯೋ ನಿಧಾನದ ಹಳೇ ಹಾರ್ಡ್ ಡಿಸ್ಕೋ ಎಲ್ಲ ಕಾಣುತ್ತದೆ. ನೋಡಬೇಡಿ ಅಂದರೆ ಎದ್ದು ಬನ್ನಿ.

ಭಾವ ವಾಪಸ್ ಕೊಡಲು ಹೋದಾಗ ಅಂಗಡಿಯವರು “ಕೆಟ್ಟಿಲ್ಲವಲ್ಲ” ಅಂದುಬಿಟ್ಟರು. ಬಿಲ್ಲಿನಲ್ಲಿ ‘ಲ್ಯಾಪ್‌ಟಾಪ್ ಐ7’ ಅಂತಷ್ಟೇ ಇತ್ತು. ಪ್ರೊಸೆಸರಿನ ಪೂರ್ತಿ ನಂಬರ್, ರ‍್ಯಾಮ್, ಯಾವ ಸಾಫ್ಟ್‌ವೇರ್ ಓಡುತ್ತದೆ ಅಂತ ಹೇಳಿದ್ದರೋ ಅದನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ತೋರಿಸಲು ಅದೇ ಬೇಕಾಗುತ್ತದೆ.