ಕಲಬುರಗಿಯಲ್ಲಿ ಕಿಯಾಂಟಿ: ಸರಕು ಚೆನ್ನ, ಕಾಪು ಸಾಲದು

ಕಲಬುರಗಿಯ ಮದ್ಯದ ಮಳಿಗೆಯೊಂದು ಮಧ್ಯ ಇಟಲಿಯ ಕೆಂಪು ವೈನ್‌ಗಳಿಗೆಂದೇ ಒಂದು ಕಪಾಟನ್ನು ಮೀಸಲಿಟ್ಟಿರುವುದು ಈ ಭಾಗದ ಮಟ್ಟಿಗೆ ಅಪರೂಪದ ಸಂಗತಿ. ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿನ ಟಸ್ಕನಿ ಪ್ರಾಂತ್ಯದ ಕೆಂಪು ವೈನ್ ಕಿಯಾಂಟಿ ಕ್ಲಾಸಿಕೊ ಬಾಟಲಿಯ ಕತ್ತಿನ ಮೇಲೆ ಕಪ್ಪು ಹುಂಜದ ಮುದ್ರೆಯೂ ಕ್ರಮಸಂಖ್ಯೆಯುಳ್ಳ ಸರ್ಕಾರಿ ಕಾಗದದ ಪಟ್ಟಿಯೂ ಹರಿಯದೆ ಇದ್ದವು. ಆ ಮುದ್ರೆ ಬೀಳಬೇಕಾದರೆ ವೈನ್‌ನಲ್ಲಿ ಕನಿಷ್ಠ ಶೇ. 80ರಷ್ಟು ಸಾಂಜೊವೇಸೆ ದ್ರಾಕ್ಷಿ ಇರಬೇಕು. 2006ರ ಬೆಳೆಯಿಂದೀಚೆಗೆ ಬಿಳಿ ದ್ರಾಕ್ಷಿ ಬೆರೆಸುವಂತಿಲ್ಲ. ‘ರಿಸೆರ್ವಾ’ ಎಂದು ಬರೆಯಲು 24 ತಿಂಗಳು ಮಾಗಿಸಲೇಬೇಕು. ‘ಕ್ಲಾಸಿಕೊ’ ಎಂದಿಲ್ಲದ ಬರಿಯ ಕಿಯಾಂಟಿಗೆ ಶೇ. 70ರಷ್ಟು ಸಾಂಜೊವೇಸೆ ಸಾಕು. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಬೆಲೆಯನ್ನಷ್ಟೇ ಬೇರೆ ಬರೆದಿರುವ ಅಂಗಡಿಯವರು ಈ ವ್ಯತ್ಯಾಸವನ್ನು ಗಿರಾಕಿಗೆ ತಿಳಿಸಬೇಕಿತ್ತು.

ಮುಖ್ಯ ಆಕ್ಷೇಪ ಸಂಗ್ರಹಣೆಯದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕಾರ್ಕ್ ಮುಚ್ಚಳದ ಬಾಟಲಿಗಳನ್ನು ಬೀದಿಬದಿಯ ಗಾಜಿನ ಹಿಂದೆ ತಿಂಗಳುಗಟ್ಟಲೆ ನೆಟ್ಟಗೆ ನಿಲ್ಲಿಸಿದರೆ ಕಾರ್ಕ್ ಒಣಗಿ ಒಳಗೆ ಗಾಳಿ ಸೇರುತ್ತದೆ. ಅಪ್ಪಟ ಸಾಂಜೊವೇಸೆಯಿಂದಲೇ ತಯಾರಾಗುವ ಬ್ರುನೆಲ್ಲೊ ಎಂಬ, ಟಸ್ಕನಿಯದೇ ಮೊಂತಾಲ್ಚಿನೊ ಊರಿನ ಕೆಂಪು ವೈನ್, ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿಗೆ ಮೊದಲು ಮಾರಾಟಕ್ಕೆ ಬರುವಂತಿಲ್ಲ. ಅಷ್ಟು ಕಾದು ಬಂದದ್ದು ಇಲ್ಲಿ ಬಿಸಿಲು ಕಾಯುತ್ತಿರುವುದನ್ನು ನೋಡಲಾಗದು.

ಕಿಯಾಂಟಿ ಕ್ಲಾಸಿಕೊದ ಹುಳಿರುಚಿಯು ಪುಂಡಿ ಪಲ್ಯ, ಜೋಳದ ರೊಟ್ಟಿಯ ಊಟಕ್ಕೆ ಚೆನ್ನಾಗಿಯೇ ಹೊಂದಿತು. ಶೇಂಗಾ ಹಿಂಡಿಯ ಖಾರದೆದುರು ಮಾತ್ರ ಚೆರ್ರಿಯ ಪರಿಮಳ ಅಡಗಿ, ಬರೀ ಒಗರು ಉಳಿಯಿತು. ಕೊಳ್ಳುವವರು ಎಸಿ ಇರುವ ಒಳಕೋಣೆಯ ಪೆಟ್ಟಿಗೆಯಿಂದಲೇ ಬಾಟಲಿ ತೆಗೆಸಿಕೊಳ್ಳುವುದು ಲೇಸು. ಕೇಳಿದರೆ ಬೇಸರಿಸದೆ ಕೊಡುತ್ತಾರೆ.