ಅವ್ವನ ಮಂಡಿನೋವಿಗೆ ಆ್ಯಪ್, ಟೆನ್ಸ್ ಯಂತ್ರ, ವಿಡಿಯೊ ಕರೆ: ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಉಳಿದುಕೊಂಡದ್ದು ದಾವಣಗೆರೆಯವರೇ ಆದ ಫಿಸಿಯೋಥೆರಪಿಸ್ಟ್ ಒಬ್ಬರು ವಾಟ್ಸಾಪ್‌ನಲ್ಲಿ ವಾರಕ್ಕೊಮ್ಮೆ ಮಾಡುವ ವಿಡಿಯೊ ಕರೆ. ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ವ್ಯಾಯಾಮದ ಆ್ಯಪ್ ಅನ್ನು ಈಗ ಯಾರೂ ತೆರೆಯುವುದಿಲ್ಲ. ನೋವಿನ ಜಾಗಕ್ಕೆ ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಯಂತ್ರ ಆಗೊಮ್ಮೆ ಈಗೊಮ್ಮೆ ಅಲಮಾರಿಯಿಂದ ಹೊರಗೆ ಬರುತ್ತದೆ, ಅಷ್ಟೇ.

ಅವ್ವನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿಗಳಲ್ಲಿ ಸವೆತವಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎಂದು ಪರಿಗಣಿಸುತ್ತದೆ. ಅವ್ವನ ನೋವಿಗೆ ವರ್ಷಗಳೇ ಆಗಿವೆ. ಬಿ.ಪಿ. ಮಾತ್ರೆ ನುಂಗುವವರು ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ದಿನವೂ ತೆಗೆದುಕೊಂಡರೆ ಮೂತ್ರಪಿಂಡಕ್ಕೂ ರಕ್ತದೊತ್ತಡಕ್ಕೂ ತೊಂದರೆ ಎಂದು ವೈದ್ಯರು ಎಚ್ಚರಿಸಿದ್ದರಿಂದ, ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿ ಮಾಡುವ ವ್ಯಾಯಾಮವೇ ಮುಖ್ಯ ಚಿಕಿತ್ಸೆಯಾಯಿತು. ಆದರೆ ಅದನ್ನು ಮಾಡಿಸಿಕೊಳ್ಳಲು ಪಿ.ಜೆ. ಬಡಾವಣೆಯ ಫಿಸಿಯೋಥೆರಪಿ ಕೇಂದ್ರದವರೆಗೆ ಆಟೊದಲ್ಲಿ ಹೋಗಿ, ಮೊದಲ ಮಹಡಿಯ ಮೆಟ್ಟಿಲು ಹತ್ತಿಳಿದು ಬರುವಷ್ಟರಲ್ಲಿ ಸಿಕ್ಕ ಆರಾಮವೆಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತು. ಹೀಗಾಗಿ ಮನೆಯಲ್ಲೇ ಏನಾದರೂ ವ್ಯವಸ್ಥೆಯಾದೀತೇ ಎಂದು ಹುಡುಕಲು ಆರಂಭಿಸಿದೆವು.

ಆ್ಯಪ್‌ಗೆ ವರ್ಷಕ್ಕೆ ಸುಮಾರು 4,000 ರೂಪಾಯಿ. ಫೋನಿನ ಕ್ಯಾಮೆರಾ ನಮ್ಮ ದೇಹದ ಕೀಲುಗಳನ್ನು ಗುರುತಿಸಿ, ಕಾಲು ಎಷ್ಟು ಎತ್ತಿದೆವು, ಎಷ್ಟು ಸಲ ಎತ್ತಿದೆವು ಎಂಬುದನ್ನು ತಾನೇ ಎಣಿಸುತ್ತದೆ. ನಾನು ಪೈಜಾಮ ತೊಟ್ಟು ಮಾಡಿ ನೋಡಿದಾಗ ಒಂದೂ ತಪ್ಪದಂತೆ ಎಣಿಸಿತು. ಅವ್ವ ಕೂತಾಗ ಎಣಿಕೆ ಸೊನ್ನೆಯಿಂದ ಮೇಲೇಳಲಿಲ್ಲ.

ಕಾರಣ ಸೀರೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿ ಚಾಚುವಾಗ ನೆರಿಗೆಗಳು ಮಂಡಿಯಿಂದ ಪಾದದವರೆಗೆ ಪರದೆಯಂತೆ ಇಳಿಬೀಳುತ್ತವೆ. ಮಂಡಿ ಎಲ್ಲಿದೆ, ಹಿಮ್ಮಡಿ ಎಲ್ಲಿದೆ ಎಂಬುದು ಆ ಕ್ಯಾಮೆರಾಗೆ ತಿಳಿಯುವುದೇ ಇಲ್ಲ. ಪೂರ್ತಿ ದೇಹ ಕಾಣುತ್ತಿಲ್ಲ, ಹಿಂದೆ ಸರಿಯಿರಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ಹಿಂದೆ ಸರಿಯಲು ಜಾಗ ಬೇಕಲ್ಲ? ನಮ್ಮ ಪಡಸಾಲೆಯಲ್ಲಿ ಕುರ್ಚಿಯ ಹಿಂದೆಯೇ ದೇವರ ಮನೆಯ ಗೋಡೆ. ಫೋನನ್ನೇ ದೂರ ಇಡೋಣವೆಂದು ಎದುರು ಬದಿಯ ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದರೆ, ಕಿಟಕಿಯ ಬೆಳಕು ನೇರವಾಗಿ ಕ್ಯಾಮೆರಾಗೆ ಹೊಡೆದು ಅವ್ವ ಬರೀ ನೆರಳಾಗಿ ಕಾಣುತ್ತಿದ್ದರು. ಕಿಟಕಿ ಮುಚ್ಚಿ ದೀಪ ಹಾಕಿದರೆ ಕರೆಂಟು ಹೋಗುತ್ತಿತ್ತು.

ಇಷ್ಟೆಲ್ಲ ಸರಿಪಡಿಸಿದ ಒಂದು ಬೆಳಿಗ್ಗೆ ಅವ್ವ ಎರಡೂ ಕಾಲುಗಳ ವ್ಯಾಯಾಮವನ್ನು ಪೂರ್ತಿ ಮುಗಿಸಿದರು, ಆ್ಯಪ್ ಮಾತ್ರ ಇಂದಿನ ಗುರಿ ಬಾಕಿ ಇದೆ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. "ಇಷ್ಟೊತ್ತು ಕಾಲೆತ್ತಿದ್ದು ಇದಕ್ಕೆ ಕಾಣ್ಲೇ ಇಲ್ಲೇನು?" ಎಂದವರು ಮರುದಿನದಿಂದ ಅದರ ಮುಂದೆ ಕೂರಲಿಲ್ಲ. ಚೂಡಿದಾರ ಹಾಕಿಕೊಳ್ಳಿ ಎಂದು ಆ ಕಂಪನಿಯ ಸಹಾಯವಾಣಿಯವರು ಸಲಹೆ ಕೊಟ್ಟರು. ಬದುಕಿಡೀ ಸೀರೆ ಉಟ್ಟವರಿಗೆ, ಅದೂ ಮೊಮ್ಮಕ್ಕಳ ಎದುರಿಗೆ, ಈ ಸಲಹೆ ಹೇಳುವ ಧೈರ್ಯ ನನಗಿರಲಿಲ್ಲ. ಮಂಡಿನೋವು ಗಂಡಸರಿಗಿಂತ ವಯಸ್ಸಾದ ಹೆಂಗಸರಿಗೇ ಹೆಚ್ಚು; ಅಂಥವರಿಗಾಗಿ ಈ ದೇಶದಲ್ಲಿ ಮಾರುವ ಆ್ಯಪ್ ಅನ್ನು ಸೀರೆ ಉಟ್ಟವರ ಮೇಲೆ ಒಮ್ಮೆಯಾದರೂ ಪರೀಕ್ಷಿಸಿ ನೋಡಬಾರದೇ?

ವಿಡಿಯೊ ಕರೆಯಲ್ಲಿ ಇದೇ ತೊಡಕು ಒಂದು ಮಾತಿನಲ್ಲಿ ಬಗೆಹರಿಯಿತು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವ ವ್ಯಾಯಾಮ ಹೇಳಿಕೊಡುವಾಗ ಫಿಸಿಯೋಥೆರಪಿಸ್ಟ್, "ಅಮ್ಮಾ, ನಿಮ್ಮ ಕೈ ತೊಡೆ ಮೇಲಿಡಿ, ಗಟ್ಟಿ ಆದಾಗ ಹೇಳಿ" ಎಂದರು. ಸೀರೆಯ ಮೇಲಿನಿಂದಲೇ ಅವ್ವನ ಕೈಗೆ ಸ್ನಾಯು ಬಿಗಿಯುವುದು ತಿಳಿಯಿತು, ಐದು ಎಣಿಸುವವರೆಗೆ ಹಿಡಿದು ಬಿಟ್ಟರು. ಉಳಿದ ದಿನಗಳ ಎಣಿಕೆಗೆ ಅವರು ಕನ್ನಡದಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ್ದಾರೆ. ಅದನ್ನು ಹಾಕಿಕೊಂಡು ಅವ್ವ ತಮ್ಮ ಪಾಡಿಗೆ ತಾವು ಮಾಡುತ್ತಾರೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಆ್ಯಪ್‌ನಲ್ಲಿ ನೋವನ್ನು ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕಿಯಾಗಿ ಒತ್ತಬೇಕು. ಬೆಳಿಗ್ಗೆ ಎದ್ದಾಗ ಮಂಡಿ ಮಡಿಸಲಾಗದೆ ಸ್ವಲ್ಪ ಹೊತ್ತಿಗೆ ಸಡಿಲವಾಗುವುದಕ್ಕೂ ಆರು, ಸೊಂಟದಿಂದ ಪಾದಕ್ಕೆ ಸೆಳೆದು ಹೆಬ್ಬೆರಳು ಜೋಮು ಹಿಡಿಯುವುದಕ್ಕೂ ಆರು. ಮೊದಲನೆಯದು ಮಂಡಿ ಸವೆತದಲ್ಲಿ ಸಾಮಾನ್ಯ, ಹೆಚ್ಚಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಎರಡನೆಯದು ಬೆನ್ನಿನಲ್ಲಿ ನರ ಒತ್ತಿಕೊಂಡಿರುವುದರ ಲಕ್ಷಣವಿರಬಹುದು. ಅವ್ವ ಒಮ್ಮೆ ಕರೆಯಲ್ಲಿ ಮಾತಿನ ನಡುವೆ ಜೋಮಿನ ವಿಷಯ ತೆಗೆದದ್ದೇ ತಡ, ಫಿಸಿಯೋಥೆರಪಿಸ್ಟ್ ಆ ದಿನದ ವ್ಯಾಯಾಮ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿಯೇ ಮುಂದುವರಿಸೋಣ ಎಂದರು. ಆ್ಯಪ್‌ನ ಅಂಕಿಗಳ ನಕ್ಷೆ ಎಷ್ಟು ಚೆನ್ನಾಗಿದ್ದರೂ ಅದನ್ನು ನೋಡಿ ಇಂಥ ಮಾತು ಹೇಳುವವರು ಆ ಕಡೆ ಯಾರೂ ಇರಲಿಲ್ಲ.

ಬ್ಲೂಟೂತ್ ಟೆನ್ಸ್ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸಣ್ಣ ವಿದ್ಯುತ್ ಹರಿಸುವ ಇದು ಹಚ್ಚಿಕೊಂಡಷ್ಟು ಹೊತ್ತು ಹಿತವೆನಿಸುತ್ತದೆ. ಆದರೆ ಅವ್ವ ರಾತ್ರಿ ಮಂಡಿಗೆ ಎಣ್ಣೆ ತಿಕ್ಕುವವರಾದ್ದರಿಂದ ಪ್ಯಾಡ್ ಬೇಗ ಅಂಟು ಕಳೆದುಕೊಂಡು, ಹೊಸದಕ್ಕೆ ಮತ್ತೆ ದುಡ್ಡು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಕೀಲು ಸವೆತಕ್ಕೆ ಟೆನ್ಸ್ ಕೊಡಬೇಡಿ, ವ್ಯಾಯಾಮ ಕೊಡಿ ಎಂದೇ ಹೇಳಿದೆ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಮಾತ್ರೆ ಕುರಿತ ಸಂದೇಹಗಳಿಗೆ, ಮನೆಯಿಂದಲೇ ಆನ್‌ಲೈನಿನಲ್ಲಿ ವೈದ್ಯರೊಂದಿಗೆ ಮಾತಾಡುವ ಸರ್ಕಾರದ ಇ-ಸಂಜೀವಿನಿ ಸೇವೆ ಇದೆ, ಉಚಿತ. ಹಳೆಯ ಚೀಟಿಗಳ ಫೋಟೊ ಸಿದ್ಧವಿಟ್ಟುಕೊಂಡರೆ ಒಳ್ಳೆಯದು. ಟ್ರಮಡಾಲ್‌ನಂತಹ ಬಿಗಿ ನಿಯಂತ್ರಣದ ನೋವಿನ ಮಾತ್ರೆಗಳನ್ನು 2020ರ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿಯ ಪ್ರಕಾರ ಯಾವ ವೈದ್ಯರೂ ಕರೆಯಲ್ಲಿ ಬರೆದುಕೊಡುವಂತಿಲ್ಲ, ಅದಕ್ಕೆ ಆಸ್ಪತ್ರೆಗೇ ಹೋಗಬೇಕು.

ವಿಡಿಯೊ ಕರೆ ಅಗ್ಗವೇನಲ್ಲ. ಒಂದಕ್ಕೆ 250 ರೂಪಾಯಿಯಂತೆ ತಿಂಗಳಿಗೆ 1,000 ಆಗುತ್ತದೆ, ವರ್ಷದ ಲೆಕ್ಕಕ್ಕೆ ಆ್ಯಪ್‌ನ ಮೂರು ಪಟ್ಟು. ಆಟೊ ಖರ್ಚು ಉಳಿಯುವುದರಿಂದ ಮತ್ತು ಇನ್ನು ಮುಂದೆ ಎರಡು ವಾರಕ್ಕೊಮ್ಮೆ ಸಾಕೆಂದು ಫಿಸಿಯೋಥೆರಪಿಸ್ಟರೇ ಹೇಳಿರುವುದರಿಂದ ನಮಗೆ ಹೊಂದುತ್ತದೆ. ಇಂಗ್ಲಿಷ್ ಬಲ್ಲ, ಪೈಜಾಮ ತೊಡುವ, ಮನೆಯಲ್ಲಿ ವಿಶಾಲವಾದ ಜಾಗವಿರುವ ನಿವೃತ್ತರಿಗಾದರೆ ನಾನು ಆ್ಯಪ್ ಅನ್ನೇ ಹೇಳಿಯೇನು. ತೆಗೆದುಕೊಂಡು ಬೇಡವೆನಿಸಿದವರು ಒಂದನ್ನು ನೆನಪಿಡಬೇಕು: ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ಹಣ ತಾನಾಗಿ ಕಡಿತವಾಗುವ ಯುಪಿಐ ಆಟೊಪೇಗೆ ಹೋಗಿ ಅನುಮತಿಯನ್ನು ಪ್ರತ್ಯೇಕವಾಗಿ ರದ್ದು ಮಾಡಬೇಕು.