ಶಹಾಪುರದ ಫಲಕವಿಲ್ಲದ ಅಂಗಡಿಯಲ್ಲಿ ಬೋಟ್ ಮೋಟಾರಿನ ಗೇರ್ ದುರಸ್ತಿ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರು ಕೆಟ್ಟರೆ ಮಲ್ಪೆ ಅಥವಾ ಮಂಗಳೂರಿಗೆ ಕಳುಹಿಸುವುದೊಂದೇ ದಾರಿ ಎಂದು ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ಬಲೆ ಬಿಡುವ ನಮ್ಮಲ್ಲಿ ಹಲವರು ನಂಬಿಕೊಂಡಿದ್ದಾರೆ. ಗೇರಿನ ಕೆಲಸದ ಮಟ್ಟಿಗಾದರೂ ಆ ನಂಬಿಕೆಯನ್ನು ಬಿಡಬಹುದು ಎಂಬುದಕ್ಕೆ ಶಹಾಪುರದ ಒಂದು ಪಂಪ್‌ಸೆಟ್ ದುರಸ್ತಿ ಅಂಗಡಿ ಸಾಕ್ಷಿ. ಅಂಗಡಿಗೆ ಫಲಕವಿಲ್ಲ, ರಿವೈಂಡಿಂಗ್‌ಗೆ ಬಂದು ಹೊರಗೆ ಸಾಲಾಗಿ ಕುಳಿತಿರುವ ಮೋಟಾರುಗಳೇ ಅದರ ಗುರುತು.

ನಮ್ಮದು 8 ಎಚ್‌ಪಿಯ, ಎರಡು ಸ್ಟ್ರೋಕಿನ ಹಳೆಯ ಮೋಟಾರು. ಬೇಸಿಗೆಯಿಡೀ ಮೂಲೆಯಲ್ಲಿದ್ದುದನ್ನು ಮತ್ತೆ ದೋಣಿಗೆ ಕಟ್ಟಿದಾಗ ಲಿವರ್ ಮುಂದಿನ ಗೇರಿನಲ್ಲಿಯೇ ಬಿಗಿದುಕೊಂಡಿತ್ತು, ಸ್ಟಾರ್ಟಿಂಗ್ ಹಗ್ಗವೂ ಎಳೆಯಲು ಬರುತ್ತಿರಲಿಲ್ಲ. ಮೊದಲು ತೋರಿಸಿದ ಗ್ಯಾರೇಜಿನವರು ಇಂಜಿನ್ನೇ ಜಾಮ್ ಆಗಿದೆ, ಪಿಸ್ಟನ್ ಇಳಿಸಬೇಕು ಎಂದಿದ್ದರು. ಶಹಾಪುರದ ಮಿಸ್ತ್ರಿ ಮಾತ್ರ ಪ್ಲಗ್‌ಗಳನ್ನು ಬಿಚ್ಚಿ ಇಂಜಿನ್ನಿನ ಮೇಲಿನ ಚಕ್ರವಾದ ಫ್ಲೈವೀಲನ್ನು ಕೈಯಿಂದ ತಿರುಗಿಸಿ ನೋಡಿದರು. ಅದು ಸಲೀಸಾಗಿ ತಿರುಗಿತು, ಕೆಳಗೆ ಪ್ರೊಪೆಲರ್ ಕೂಡ ಅದರೊಂದಿಗೆ ತಿರುಗಿತು. ಇಂಥ ಅನೇಕ ಮೋಟಾರುಗಳಲ್ಲಿ ನ್ಯೂಟ್ರಲ್‌ಗೆ ಬರದ ಹೊರತು ಹಗ್ಗ ಎಳೆಯಲಾಗದಂತೆ ತಡೆಯೊಂದನ್ನು ಇಟ್ಟಿರುತ್ತಾರೆ, ಇಲ್ಲವಾದರೆ ಸ್ಟಾರ್ಟ್ ಆದೊಡನೆ ದೋಣಿ ನುಗ್ಗಿ ಎಳೆದವನೇ ನೀರಿಗೆ ಬಿದ್ದಾನು. ಲಿವರ್ ಗೇರಿನಲ್ಲೇ ಸಿಕ್ಕಿದ್ದರಿಂದ ಹಗ್ಗವನ್ನು ಆ ತಡೆಯೇ ಹಿಡಿದಿತ್ತು, ಇಂಜಿನ್ ಜಾಮ್ ಆಗಿರಲಿಲ್ಲ. ಇಂಜಿನ್ ಬಿಚ್ಚುವ ಖರ್ಚು ಅಲ್ಲಿಗೇ ಉಳಿಯಿತು.

ಈ ಅಂಗಡಿಯ ನಿಜವಾದ ಬೆಲೆಯಿರುವುದು ಬಿಚ್ಚುವ ಮೊದಲು ಹುಡುಕುವ ಇಂಥ ತಾಳ್ಮೆಯಲ್ಲಿ. ನಮ್ಮ ಹುಡುಗನೊಬ್ಬ ಪೈಪು ಸಿಕ್ಕಿಸಿ ಲಿವರನ್ನು ಎತ್ತಲು ಹೋದಾಗ ಅವರು, “ಜಬರ್ದಸ್ತಿ ಮಾಡಬ್ಯಾಡ್ರಿ, ಮೊದಲ ಎಲ್ಲಿ ಹಿಡಕೊಂಡದ ನೋಡೂಣು” ಎಂದು ತಡೆದರು. ಲಿವರಿನಿಂದ ಕೆಳಗಿನ ಗೇರ್‌ಬಾಕ್ಸಿಗೆ ಇಳಿಯುವ ಶಿಫ್ಟ್ ರಾಡನ್ನು ನಡುವಿನ ಜೋಡಣೆಯಲ್ಲಿ ಬಿಡಿಸಿದರೆ ಮೇಲಿನ ಅರ್ಧ ಹಗುರಾಗಿ ಆಡಿತು, ಕೆಳಗಿನದು ಅಲುಗಲಿಲ್ಲ. ಹೀಗಾಗಿ ದೋಷವಿರುವುದು ಕೆಳಗೆ ಎಂದು ಖಚಿತವಾಯಿತು. ಗೇರ್ ಆಯಿಲ್ ಇಳಿಸಿದಾಗ ಅದು ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ಅಂದರೆ ಒಳಗೆ ನೀರು ಸೇರಿತ್ತು. ಪ್ರೊಪೆಲರ್ ತೆಗೆದಾಗ ಮೂಲವೂ ಕಾಣಿಸಿತು: ಬಲೆಯ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಒಳಸರಿದು ನೀರು ಒಳಬಾರದಂತೆ ತಡೆಯುವ ಆಯಿಲ್ ಸೀಲಿನ ತುಟಿಯನ್ನೇ ಕೊಯ್ದಿತ್ತು. ಆ ಗೇರ್‌ಬಾಕ್ಸಿನಲ್ಲಿ ಎರಡು ಗೇರುಗಳು ಎದುರುಬದುರು ದಿಕ್ಕಿನಲ್ಲಿ ತಿರುಗುತ್ತಿರುತ್ತವೆ. ಅವುಗಳ ನಡುವೆ ಡಾಗ್ ಕ್ಲಚ್ ಎಂಬ ಹಲ್ಲುಳ್ಳ ತುಂಡು ಅತ್ತಿತ್ತ ಸರಿದು ಒಂದನ್ನು ಹಿಡಿದರೆ ದೋಣಿ ಮುಂದಕ್ಕೆ, ಇನ್ನೊಂದನ್ನು ಹಿಡಿದರೆ ಹಿಂದಕ್ಕೆ ಹೋಗುತ್ತದೆ. ಕ್ಲಚ್ಚನ್ನು ಸರಿಸುವ ಪಿನ್ನು ಮತ್ತು ರಾಡಿನ ತುದಿ ಎರಡೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು.

ಉಳಿದದ್ದು ಶ್ರಮದ ಕೆಲಸ. ತುಕ್ಕು ಬಿಡಿಸುವ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಉಜ್ಜಿ, ಗ್ರೀಸ್ ಹಚ್ಚಿ ಕೂಡಿಸಿದರು. ಹೊಸ ಆಯಿಲನ್ನು ಕೆಳಗಿನ ರಂಧ್ರದಿಂದಲೇ ಒತ್ತಿ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೂ ತುಂಬಿದರು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ರಾಡಿನ ಉದ್ದವನ್ನು ಹೊಂದಿಸಿ, ನ್ಯೂಟ್ರಲ್ ಸರಿಯಾಗಿ ನಡುವೆ ಬೀಳುತ್ತದೆಯೇ ಎಂದು ಪರೀಕ್ಷಿಸಿದರು. ಇದರಲ್ಲಿ ಉದಾಸೀನ ಮಾಡಿದರೆ ಕ್ಲಚ್ಚಿನ ಹಲ್ಲುಗಳು ಅರೆಬರೆ ಹಿಡಿದು ಬೇಗ ಸವೆಯುತ್ತವೆ. ಕೊನೆಗೆ ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ನಿಧಾನಗತಿಯಲ್ಲಿ ಮೂರೂ ಸ್ಥಾನಗಳಿಗೆ ನನ್ನ ಕೈಯಿಂದಲೇ ಲಿವರ್ ಹಾಕಿಸಿದರು. ಕೂಲಿ ಎರಡು ಸಾವಿರದೊಳಗೆ ಮುಗಿಯಿತು. ನಾಲ್ಕು ಹೊತ್ತು ಚಹಾ ಅವರದೇ.

ಕೊರತೆಗಳೂ ಇವೆ. ಸೀಲನ್ನು ಅಳತೆ ನೋಡಿ ಬೇರಿಂಗ್ ಅಂಗಡಿಯಿಂದ ತಂದು ಹಾಕಿದ್ದಾರೆ. ಅಳತೆ ಕೂಡಿದರೂ ಸಾಮಾನ್ಯ ಸೀಲಿನ ಒಳಗಿನ ಸ್ಪ್ರಿಂಗ್ ನೀರಿನಲ್ಲಿ ತುಕ್ಕು ಹಿಡಿಯುವಂಥದ್ದು, ಆದ್ದರಿಂದ ಮುಂದಿನ ಬೇಸಿಗೆಯೊಳಗೆ ಕಂಪನಿಯ ಸೀಲನ್ನೇ ತರಿಸಿ ಹಾಕಿಸುವವನಿದ್ದೇನೆ. ಅದಕ್ಕಿಂತ ನನಗೆ ಹಿಡಿಸದೆ ಹೋದದ್ದು ಇಂಜಿನ್ ತಣಿಸಲು ನೀರೆತ್ತುವ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ವಿಷಯ. ಗೇರ್‌ಬಾಕ್ಸ್ ಇಳಿಸಿದಾಗ ಅದು ಕಣ್ಣೆದುರಿಗೇ ಇರುತ್ತದೆ, ಅದರ ರಬ್ಬರ್ ರೆಕ್ಕೆಗಳು ಗಡುಸಾದರೆ ಇಂಜಿನ್ ಕಾದು ಹೋಗುತ್ತದೆ. ಆದರೂ “ಇನ್ನೂ ನಡೀತದ” ಎಂದು ಹಳೆಯದನ್ನೇ ಕೂಡಿಸಿಬಿಟ್ಟರು. ಬಿಲ್ಲಿನಲ್ಲಿ ಸಾಮಾನು, ಕೂಲಿ ಎಂದು ಬಿಡಿಸಿ ಬರೆಯುವ ರೂಢಿ ಇಲ್ಲಿಲ್ಲ, ಕೇಳಿದರೆ ಮಾತ್ರ ಬಾಯಿಲೆಕ್ಕ ಒಪ್ಪಿಸುತ್ತಾರೆ. ಬಿತ್ತನೆಯ ದಿನಗಳಲ್ಲಿ ರೈತರ ಪಂಪುಗಳಿಗೇ ಮೊದಲ ಸರದಿ, ಅದನ್ನು ತಪ್ಪೆನ್ನಲಾಗದು.

ಹೋಗುವವರು ಮೋಟಾರಿನ ಮಾಡೆಲ್ ನಂಬರನ್ನು ಬರೆದಿಟ್ಟುಕೊಂಡು, ಪ್ರೊಪೆಲರ್ ಶಾಫ್ಟಿನ ಸೀಲು, ಇಂಪೆಲ್ಲರ್ ಮತ್ತು ಆಯಿಲ್ ಸ್ಕ್ರೂಗಳ ವಾಷರುಗಳನ್ನು ಮೊದಲೇ ತರಿಸಿ ಕೈಯಲ್ಲಿ ಹಿಡಿದೇ ಹೋಗಬೇಕು. ಟಂಟಂ ಆಟೋದಲ್ಲಿ ಒಯ್ಯುವಾಗ ಪೆಟ್ರೋಲ್ ಪೈಪನ್ನು ಕಳಚಿ, ಗೇರ್‌ಬಾಕ್ಸಿನ ತುದಿ ಇಂಜಿನ್ನಿಗಿಂತ ಮೇಲೇಳದಂತೆ ಮಲಗಿಸಿದರೆ ಒಳಗೆ ಉಳಿದ ನೀರು ಸಿಲಿಂಡರಿನ ಕಡೆಗೆ ಹರಿಯುವುದಿಲ್ಲ.